ಸಂಕ್ರಾಂತಿ ಹಿಂದಿನ ರಾತ್ರಿ ಕೆಟ್ಟ ಫರ್ನೇಸ್: 8,400 ಡಾಲರ್ ಕೊಟೇಷನ್, 165 ಡಾಲರ್ ರಿಪೇರಿ

ನಾವಿರುವುದು ಮಿಷಿಗನ್ನಿನ ನೋವೈಯಲ್ಲಿ, ಡೆಟ್ರಾಯಿಟ್‌ನಿಂದ ಅರ್ಧ ಗಂಟೆ ದಾರಿ. ಮನೆ 2006ರದ್ದು. ಮನೆಗೆಲ್ಲ ಬಿಸಿ ಗಾಳಿ ಕೊಡುವ ಬೇಸ್‌ಮೆಂಟಿನ ಗ್ಯಾಸ್ ಫರ್ನೇಸೂ ಅದೇ ವರ್ಷದ್ದು. ನಮ್ಮ ಫರ್ನೇಸ್ ರಿಪೇರಿ ಮಾಡಿದವರ ಬಗ್ಗೆ ಬರೆಯಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಕಳೆದ ಡಿಸೆಂಬರ್‌ನಲ್ಲಿ ಅವರು ಇನ್ನೊಮ್ಮೆ ಬಂದು ಹೋದ ಮೇಲೆ, ಇನ್ನು ತಡ ಮಾಡಬಾರದು ಅನಿಸಿತು. ಹೊಸದಾಗಿ ಮನೆ ತಗೊಂಡ ನಮ್ಮ ಹುಡುಗರು ಎಷ್ಟೋ ಜನ ಇಲ್ಲಿದ್ದಾರೆ. ಅವರಿಗೆ ಇದು ಮೊದಲೇ ಗೊತ್ತಿರಲಿ ಅನ್ನುವುದು ನನ್ನ ಆಸೆ.

2024ರ ಜನವರಿ 14, ಭಾನುವಾರ. ಮಾರನೇ ದಿನ ಸಂಕ್ರಾಂತಿ. ಅತ್ತೆ ಹಾಸನದಿಂದ ಬಂದಿದ್ದರು. ನನ್ನ ಗಂಡ ಕೆಲಸದ ಮೇಲೆ ಟೆಕ್ಸಾಸ್‌ಗೆ ಹೋಗಿದ್ದರು. ಅತ್ತೆ, ನಾನು, ಮಕ್ಕಳಿಬ್ಬರು ಊಟದ ಟೇಬಲ್ ಮೇಲೆ ಪೇಪರ್ ಹರಡಿಕೊಂಡು ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದೆವು. ಹೊರಗೆ ಮೈನಸ್ 14 ಸೆಲ್ಸಿಯಸ್ ಆಸುಪಾಸು. ರಾತ್ರಿ ಎಂಟೂವರೆ ಹೊತ್ತಿಗೆ ಅತ್ತೆ ನೆಲದ ಜಾಲರಿ ಹತ್ತಿರ ಕಾಲಿಟ್ಟು, "ನೋಡೇ, ಇದರಿಂದ ತಣ್ಣಗಿರೋ ಗಾಳಿ ಬರ್ತಿದೆ ಕಣೇ" ಅಂದರು.

ಕೆಳಗೆ ಹೋಗಿ ನೋಡಿದೆ. ಫರ್ನೇಸ್ ಶುರುವಾಗುತ್ತಿತ್ತು, ಹೊತ್ತಿಕೊಳ್ಳುತ್ತಿತ್ತು, ತಕ್ಷಣ ಆರುತ್ತಿತ್ತು. ಮತ್ತೆ ಅದೇ. ಮೂರು ಸಲ ಆದಮೇಲೆ ಸುಮ್ಮನಾಯಿತು.

ಅವತ್ತು ರಾತ್ರಿ ಫೋರ್ಡ್ ಫೀಲ್ಡ್ ಸ್ಟೇಡಿಯಂನಲ್ಲಿ ಡೆಟ್ರಾಯಿಟ್‌ನ ಅಮೆರಿಕನ್ ಫುಟ್‌ಬಾಲ್ ತಂಡ ಲಯನ್ಸ್‌ನ ಪ್ಲೇಆಫ್ (ನಾಕೌಟ್) ಪಂದ್ಯ. 32 ವರ್ಷದ ಮೇಲೆ ಅವರು ಪ್ಲೇಆಫ್ ಗೆದ್ದದ್ದು ಅವತ್ತೇ. ಊರಿಗೆ ಊರೇ ಟಿವಿ ಮುಂದೆ ಕೂತಿತ್ತು. ಸಾಲದ್ದಕ್ಕೆ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ. ನಾಲ್ಕು ಕಡೆ ಫೋನ್ ಮಾಡಿದೆ. ಎರಡು ಕಡೆ ರೆಕಾರ್ಡ್ ಮಾಡಿದ ಧ್ವನಿ. ಮೂರನೆಯವರು ಮಂಗಳವಾರ ಬರುತ್ತೇವೆ ಅಂದರು. ನಾಲ್ಕನೆಯ ಕಂಪನಿಯವರು ಅವತ್ತೇ ಬರುತ್ತೇವೆ, ಬಂದು ನೋಡುವುದಕ್ಕೇ 249 ಡಾಲರ್ ಅಂದರು. ಒಪ್ಪಿದೆ. ಆ ಹೊತ್ತಲ್ಲಿ, ಆ ಚಳಿಯಲ್ಲಿ, ರಜೆಯ ಹಿಂದಿನ ದಿನ ಮನೆವರೆಗೂ ಬರುವವರು ಅಷ್ಟು ಕೇಳಿದರೆ ತಪ್ಪೇನೂ ಇಲ್ಲ. ಅದರ ಬಗ್ಗೆ ನನಗೆ ಇವತ್ತಿಗೂ ದೂರಿಲ್ಲ.

ಆಮೇಲೆ ನಡೆದದ್ದರ ಬಗ್ಗೆ ಇದೆ.

ಹತ್ತೂವರೆಗೆ ಬಂದ ಹುಡುಗ ಫರ್ನೇಸ್ ಬಾಗಿಲು ತೆಗೆದು, ಟಾರ್ಚ್ ಬಿಟ್ಟು, ಹದಿನೈದು ನಿಮಿಷ ನೋಡಿದ. ಒಮ್ಮೆಯೂ ಪೂರ್ತಿಯಾಗಿ ಓಡಿಸಿ ನೋಡಲಿಲ್ಲ. ಆಮೇಲೆ ಟ್ಯಾಬ್ಲೆಟ್ ಹಿಡಿದುಕೊಂಡು ಮೇಲೆ ಬಂದ. ಕಂಟ್ರೋಲ್ ಬೋರ್ಡ್ ಹೋಗಿದೆ, ಅದಕ್ಕೆ 890. ಹೀಟ್ ಎಕ್ಸ್‌ಚೇಂಜರ್, ಅಂದರೆ ಉರಿಯ ಶಾಖವನ್ನು ಮನೆ ಗಾಳಿಗೆ ದಾಟಿಸುವ ಲೋಹದ ಕೊಳವೆ, ಬಿರುಕು ಬಿಟ್ಟ ಹಾಗೆ ಕಾಣುತ್ತದೆ, ಮನೆಯೊಳಗೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗ್ಯಾಸ್ ಬರಬಹುದು. ಇಷ್ಟು ಹಳೆಯದಕ್ಕೆ ದುಡ್ಡು ಹಾಕಬೇಡಿ, ಹೊಸದು 8,400. ಈ ರಾತ್ರಿಯೇ ಸಹಿ ಮಾಡಿದರೆ 500 ಕಡಿಮೆ. ಗ್ಯಾಸ್ ವಾಲ್ವ್ ತಿರುಗಿಸಿ ಮುಚ್ಚಿದ. ಅಪಾಯ, ಬಳಸಬಾರದು ಅನ್ನುವ ಕೆಂಪು ಚೀಟಿ ಕಟ್ಟಿದ. "ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದಾರೆ, ಯೋಚನೆ ಮಾಡಿ" ಅಂದ.

ಆ ಮಾತು ಕೇಳಿದಾಗ ಕೈ ಸಹಿ ಹಾಕಲು ಹೋಗಿತ್ತು. ನಿಜ ಹೇಳುತ್ತೇನೆ. ಆಗ 2019ರ ಚಳಿ ನೆನಪಾಯಿತು. ಆ ವರ್ಷ ಜನವರಿ 30ರಂದು ಮಕೋಂಬ್ ಕೌಂಟಿಯ ಗ್ಯಾಸ್ ಕಂಪ್ರೆಸರ್ ಸ್ಟೇಷನ್‌ಗೆ ಬೆಂಕಿ ಬಿದ್ದಿತ್ತು. ಗ್ಯಾಸ್ ಸಾಲದೇ ಹೋಗಬಾರದು ಅಂತ, ಮನೆಯ ಶಾಖ ಹಿಡಿತದಲ್ಲಿಡುವ ಥರ್ಮೋಸ್ಟಾಟನ್ನು 65 ಡಿಗ್ರಿ ಫ್ಯಾರನ್‌ಹೀಟ್‌ಗೆ (18 ಸೆಲ್ಸಿಯಸ್) ಇಳಿಸಿ ಅಂತ ರಾತ್ರಿ ಎಲ್ಲರ ಫೋನಿಗೂ ಎಚ್ಚರಿಕೆ ಬಂದಿತ್ತು. ಇದಕ್ಕಿಂತ ಕೆಟ್ಟ ಚಳಿ ಅದು. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಇದ್ದೆವು. ಹಾಗಿದ್ದಮೇಲೆ ಇದೊಂದು ರಾತ್ರಿ ಕಳೆಯಲಾರೆವಾ? 249 ಕೊಟ್ಟೆ, ಬರೆದ ಕೊಟೇಷನ್ ಇಸಿದುಕೊಂಡೆ, ಬೆಳಗ್ಗೆ ಹೇಳುತ್ತೇನೆ ಅಂದೆ.

ಎಲ್ಲರೂ ಒಂದೇ ರೂಮಿನಲ್ಲಿ ಮಲಗಿದೆವು. ಮನೆಯಲ್ಲಿ ಕರೆಂಟ್ ಹೀಟರ್ ಎರಡಿದ್ದವು. ಒಂದೊಂದೂ 1500 ವಾಟ್. ಒಂದನ್ನು ಆ ರೂಮಲ್ಲಿ, ಇನ್ನೊಂದನ್ನು ಬೇರೆ ಬ್ರೇಕರ್ ಮೇಲಿದ್ದ ಹಾಲ್‌ನಲ್ಲಿ, ನೇರ ಗೋಡೆಯ ಸಾಕೆಟ್‌ಗೆ ಹಾಕಿದೆ. ಇವನ್ನು ಎಕ್ಸ್‌ಟೆನ್ಷನ್ ವೈರ್‌ಗೆ ಹಾಕಲೇಬಾರದು, ವೈರ್ ಕಾದು ಬೆಂಕಿ ಹತ್ತುತ್ತದೆ. ಗ್ಯಾಸ್ ಓವನ್ ಬಾಗಿಲು ತೆರೆದು ಮನೆ ಬೆಚ್ಚಗೆ ಮಾಡುವುದೂ ಬೇಡ. ಹೊರಗೋಡೆಗೆ ಅಂಟಿದ ಸಿಂಕ್‌ನ ನಲ್ಲಿಗಳನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟೆ, ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟೆ. ಚಳಿಗೆ ನೀರು ಗಟ್ಟಿಯಾಗಿ ಪೈಪ್ ಒಡೆದರೆ ಅದರ ಖರ್ಚಿನ ಮುಂದೆ ಫರ್ನೇಸಿನದು ಏನೂ ಅಲ್ಲ. ಬೆಳಗ್ಗೆ ಎದ್ದಾಗ ಮನೆ 57 ಡಿಗ್ರಿ ಫ್ಯಾರನ್‌ಹೀಟ್‌ಗೆ (14 ಸೆಲ್ಸಿಯಸ್) ಇಳಿದಿತ್ತು. ಕಷ್ಟವಾಯಿತು. ಆದರೆ ಯಾರಿಗೂ ಏನೂ ಆಗಲಿಲ್ಲ.

ಬೆಳಗ್ಗೆ ಆರಕ್ಕೇ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಮೂರು ಜನ ಒಬ್ಬರದೇ ನಂಬರ್ ಕೊಟ್ಟರು. ಅರವತ್ತು ದಾಟಿದ ಅಮೆರಿಕದವರು. ದೊಡ್ಡ ಕಂಪನಿಯಲ್ಲಿದ್ದು ಬಿಟ್ಟು, ಈಗ ಒಬ್ಬರೇ ಒಂದು ವ್ಯಾನ್ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಬಂದು ನೋಡುವುದಕ್ಕೆ 95 ಡಾಲರ್. ರಜೆ ಅಂತ ಜಾಸ್ತಿ ಕೇಳಲಿಲ್ಲ. ಹತ್ತಕ್ಕೆ ಮೊದಲೇ ಬಂದರು.

ಅವರು ಮಾಡಿದ ಮೊದಲ ಕೆಲಸ ನನಗೆ ಇಷ್ಟವಾಯಿತು. ಒಂದು ಬಕೆಟ್ ಬೋರಲು ಹಾಕಿ ಫರ್ನೇಸ್ ಮುಂದೆ ಕೂತರು. "ನೀವೂ ಕೂತುಕೊಳ್ಳಿ, ಅದು ಏನು ಹೇಳುತ್ತದೆ ಕೇಳೋಣ" ಅಂದರು. ಮೊದಲು ಕ್ಯಾಮೆರಾ ಬಿಟ್ಟು ಹೀಟ್ ಎಕ್ಸ್‌ಚೇಂಜರ್ ನೋಡಿದರು. ಬರ್ನರ್ ಕಡೆಯಿಂದ ಒಂದೊಂದೇ ಕೊಳವೆಯೊಳಗೆ ಕ್ಯಾಮೆರಾ ತೂರಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಜೋಡಣೆಯ ಹತ್ತಿರ ತುಕ್ಕಿನ ಗೆರೆ ಇತ್ತು, ಬಿರುಕು ಇರಲಿಲ್ಲ. ಆಮೇಲಷ್ಟೇ ಗ್ಯಾಸ್ ಬಿಟ್ಟು ಚಾಲೂ ಮಾಡಿದರು. ಪ್ರತಿ ಸದ್ದಿಗೂ ಬೆರಳು ಮಡಿಸುತ್ತಾ ಹೋದರು.

ಇದನ್ನು ಪ್ರತಿಯೊಬ್ಬ ಮನೆಯವರೂ ಒಮ್ಮೆ ಕೂತು ನೋಡಬೇಕು. ಥರ್ಮೋಸ್ಟಾಟ್ ಶಾಖ ಕೇಳಿದ ಕೂಡಲೇ ಮೊದಲು ಓಡುವುದು ಇಂಡ್ಯೂಸರ್ ಅನ್ನುವ ಚಿಕ್ಕ ಫ್ಯಾನ್. ಹೊಗೆಯನ್ನು ಹೊರಗೆ ತಳ್ಳುವುದು ಅದರ ಕೆಲಸ. ಅದು ಸರಿಯಾಗಿ ಎಳೆಯುತ್ತಿದೆ ಅಂತ ಪ್ರೆಷರ್ ಸ್ವಿಚ್ ಟಿಕ್ ಅಂದು ಒಪ್ಪಿಗೆ ಕೊಡುತ್ತದೆ. ಆಮೇಲೆ ಇಗ್ನೈಟರ್ ಕೆಂಡದ ಹಾಗೆ ಕೆಂಪಾಗುತ್ತದೆ. ಗ್ಯಾಸ್ ವಾಲ್ವ್ ತೆರೆದು ಭುಸ್ ಅಂತ ನೀಲಿ ಉರಿ ಹತ್ತುತ್ತದೆ. ಉರಿ ನಿಜವಾಗಿ ಹತ್ತಿದೆಯಾ ಅಂತ ಫ್ಲೇಮ್ ಸೆನ್ಸರ್ ನೋಡುತ್ತದೆ. ಅರ್ಧ ಮುಕ್ಕಾಲು ನಿಮಿಷದ ಮೇಲೆ ದೊಡ್ಡ ಬ್ಲೋವರ್ ಶುರುವಾಗಿ ಮನೆಗೆಲ್ಲ ಬಿಸಿ ಗಾಳಿ ಕಳಿಸುತ್ತದೆ. ಎಲ್ಲಿಗೆ ಬಂದು ನಿಂತಿತು ಅಂತ ಗೊತ್ತಾದರೆ ತೊಂದರೆ ಎಲ್ಲಿ ಹುಡುಕಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ. ಫೋನಿನಲ್ಲೇ "ಇಗ್ನೈಟರ್ ಕೆಂಪಾಗುತ್ತಿಲ್ಲ" ಅಂತಲೋ "ಹೊತ್ತಿ ನಾಲ್ಕು ಸೆಕೆಂಡಿಗೆ ಆರುತ್ತದೆ" ಅಂತಲೋ ಹೇಳುವವರಿಗೆ, ಸುಮ್ನೆ "ಬಿಸಿ ಬರ್ತಿಲ್ಲ" ಅನ್ನುವವರಿಗೆ ಹೇಳಿದ ಹಾಗೆ ರಿಪೇರಿಯವರು ಕಥೆ ಕಟ್ಟಿ ಹೇಳಲು ಆಗುವುದಿಲ್ಲ.

ನಮ್ಮದು ಹೊತ್ತಿತು. ಅವರು "ಒಂದು, ಎರಡು, ಮೂರು, ನಾಲ್ಕು" ಎಣಿಸಿದರು. ಆರಿತು.

ಒಂದೇ ಸ್ಕ್ರೂ ಬಿಚ್ಚಿ ಒಂದು ಕಡ್ಡಿ ಹೊರಗೆಳೆದರು. ಪೆನ್ಸಿಲ್‌ಗಿಂತ ತೆಳ್ಳಗೆ, ಒಂದು ಕಡೆ ಬಿಳಿ ಪಿಂಗಾಣಿ, ತುದಿ ಬಾಗಿದ ಲೋಹ. ಅದೇ ಫ್ಲೇಮ್ ಸೆನ್ಸರ್. ಉರಿಯ ಮೂಲಕ ಹರಿಯುವ ಬಹಳ ಸಣ್ಣ ಕರೆಂಟ್ ಇದರಲ್ಲಿ ಹಾದು ಬೋರ್ಡ್‌ಗೆ ಮುಟ್ಟಬೇಕು. ನಮ್ಮದರ ಮೇಲೆ ಸುಣ್ಣ ಬಳಿದ ಹಾಗೆ ಬೂದುಬಣ್ಣದ ಪೊರೆ ಕಟ್ಟಿತ್ತು. ಕರೆಂಟ್ ಮುಟ್ಟದಿದ್ದರೆ ಬೋರ್ಡ್ ಉರಿಯೇ ಇಲ್ಲ ಅಂದುಕೊಂಡು ಗ್ಯಾಸ್ ನಿಲ್ಲಿಸುತ್ತದೆ. ಅಂದರೆ ಹೋಗಿದೆ ಅಂದ ಬೋರ್ಡ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಮೀಟರ್ ಹಾಕಿ ತೋರಿಸಿದರು: 0.4 ಮೈಕ್ರೋಆಂಪ್. ಸಣ್ಣ ಉಕ್ಕಿನ ನಾರಿನಲ್ಲಿ ಕಡ್ಡಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿದರು. 3.2. ಈ ಸಲ ಉರಿ ಆರದೆ ಉಳಿಯಿತು. ಬ್ಲೋವರ್ ಶುರುವಾಯಿತು. ಮೆಟ್ಟಿಲ ಮೇಲೆ ಶಾಲು ಹೊದ್ದು ನಿಂತಿದ್ದ ಅತ್ತೆ ಆ ಕಡ್ಡಿ ಕಡೆ ಕೈ ತೋರಿಸಿ, "ಇಷ್ಟು ಕಡ್ಡಿಗೋಸ್ಕರ ರಾತ್ರಿಯೆಲ್ಲಾ?" ಅಂದರು.

ಹೊಗೆ ಕೊಳವೆಯಲ್ಲೂ ಮನೆಗೆ ಬರುವ ಗಾಳಿಯಲ್ಲೂ ಕಾರ್ಬನ್ ಮಾನಾಕ್ಸೈಡ್ ಅಳೆದರು. ಮನೆ ಗಾಳಿಯಲ್ಲಿ ಸೊನ್ನೆ. ಎಲ್ಲ ಬಿಲ್‌ನಲ್ಲಿ ಬರೆದು ಕೊಟ್ಟರು. ಬಂದದ್ದಕ್ಕೆ 95, ಕೆಲಸಕ್ಕೆ 70. ಒಟ್ಟು 165. ಇಗ್ನೈಟರ್ ಹಳೆಯದಾಗಿದೆ, ಆದರೆ ಅಳತೆ ಸರಿಯಾಗಿದೆ, ಹೋದಾಗ ಹಾಕೋಣ ಅಂದರು. ಮಾರಬಹುದಾಗಿದ್ದ ಭಾಗವನ್ನು ಮಾರಲಿಲ್ಲ. ನಾನು ಇವರಿಗೆ ಐದಕ್ಕೆ ಐದು ಕೊಡುವುದು ಆ ಒಂದು ಮಾತಿಗೆ.

ಈಗ ದರಗಳು. ಇವು ನನ್ನ ಬಿಲ್‌ಗಳು, ಇಲ್ಲಿಯ ಗೆಳೆಯರ ಬಿಲ್‌ಗಳು ಸೇರಿಸಿ ನನಗೆ ಗೊತ್ತಿರುವ ಅಂದಾಜು. ನಿಮ್ಮ ಊರಿನಲ್ಲಿ ಹೆಚ್ಚು ಕಡಿಮೆ ಇರುತ್ತದೆ. ಹಗಲಲ್ಲಿ ಬಂದು ನೋಡುವುದಕ್ಕೆ 90ರಿಂದ 150. ಫ್ಲೇಮ್ ಸೆನ್ಸರ್ ಉಜ್ಜುವುದು ಅಥವಾ ಬದಲಿಸುವುದು 100ರಿಂದ 250. ಇಗ್ನೈಟರ್ 150ರಿಂದ 400. ಪ್ರೆಷರ್ ಸ್ವಿಚ್ 150ರಿಂದ 350, ಆದರೆ ಸ್ವಿಚ್ ಸರಿಯಿದ್ದು ಪೈಪ್ ಕಟ್ಟಿಕೊಂಡಿರುವುದೇ ಜಾಸ್ತಿ, ಅದನ್ನು ನೋಡಿದ್ದೀರಾ ಅಂತ ಕೇಳಿ. ಗ್ಯಾಸ್ ವಾಲ್ವ್, ಕಂಟ್ರೋಲ್ ಬೋರ್ಡ್, ಇಂಡ್ಯೂಸರ್ ಮೋಟರ್, ಇವು ಮೂರೂ 400ರಿಂದ 1,000ದ ಒಳಗೆ. ಬ್ಲೋವರ್ ಮೋಟರ್ 500ರಿಂದ 1,500, ಹೊಸ ಕಾಲದ ವೇಗ ಬದಲಿಸುವ ಮೋಟರ್ ಆದರೆ ಅದಕ್ಕೂ ಮೇಲೆ. ಹೀಟ್ ಎಕ್ಸ್‌ಚೇಂಜರ್ ನಿಜವಾಗಿ ಒಡೆದಿದ್ದರೆ ಬರೀ ಕೂಲಿಯೇ ಸಾವಿರ ದಾಟುತ್ತದೆ. ಹಳೆಯ ಫರ್ನೇಸಿಗೆ ಆಗ ಹೊಸದೇ ಲೇಸು.

30 ಡಾಲರ್‌ಗೆ ಆನ್‌ಲೈನ್‌ನಲ್ಲಿ ಸಿಗುವ ಇಗ್ನೈಟರ್‌ಗೆ 300 ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ವ್ಯಾನ್, ಇನ್ಶೂರೆನ್ಸ್, ಲೈಸೆನ್ಸ್, ಕೆಲಸದ ಗ್ಯಾರಂಟಿ, ಬೇಕಾದ ಭಾಗ ವ್ಯಾನಿನಲ್ಲೇ ಇಟ್ಟುಕೊಂಡು ಬರುವುದು, ಎಲ್ಲ ಅದರಲ್ಲಿ ಸೇರಿದೆ. ನನಗೆ ಅದು ನ್ಯಾಯವೇ ಅನಿಸುತ್ತದೆ. ಅನ್ಯಾಯ ಅನಿಸುವುದು, ಸರಿ ಇರುವ ಭಾಗಕ್ಕೆ ದುಡ್ಡು ಕೇಳಿದಾಗ.

ಭಾಗಗಳಿಗೆ ಕಂಪನಿ ವಾರಂಟಿ ಇರುತ್ತದೆ ಅನ್ನುವುದು ಬಹಳ ಜನಕ್ಕೆ ನೆನಪಿರುವುದಿಲ್ಲ. ಹಾಕಿಸಿದ ಒಂದೆರಡು ತಿಂಗಳಲ್ಲಿ ನೋಂದಾಯಿಸಿದರೆ ಸಾಮಾನ್ಯವಾಗಿ 10 ವರ್ಷ, ಇಲ್ಲದಿದ್ದರೆ 5. ಹೀಟ್ ಎಕ್ಸ್‌ಚೇಂಜರ್‌ಗೆ 20 ವರ್ಷವೂ ಇರಬಹುದು. ಫರ್ನೇಸ್ ಬಾಗಿಲ ಒಳಗೆ ಸೀರಿಯಲ್ ನಂಬರ್ ಇರುತ್ತದೆ. ಅದರ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ. ಕೂಲಿ ಮಾತ್ರ ನಮ್ಮದೇ.

ಕೆಂಪು ಚೀಟಿ ಅಂದರೆ ಯಾವಾಗಲೂ ಮೋಸ ಅಂತ ಯಾರೂ ತಿಳಿಯಬಾರದು. ಇದನ್ನು ಒತ್ತಿ ಹೇಳಬೇಕು. ಇಲ್ಲೇ ಹತ್ತಿರದ ಕ್ಯಾಂಟನ್‌ನಲ್ಲಿರುವ ಗೆಳತಿಯ ಮನೆಯಲ್ಲಿ ಒಂದು ಬೆಳಗ್ಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿತು. ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿ 911ಕ್ಕೆ ಫೋನ್ ಮಾಡಿದಳು. ಅವಳದರಲ್ಲಿ ಬಿರುಕು ಕಣ್ಣಿಗೆ ಕಾಣುವ ಹಾಗೇ ಇತ್ತು. ಅವಳು ಹೊಸದು ಹಾಕಿಸಿದ್ದು ಸರಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗುವ ರೂಮುಗಳ ಹತ್ತಿರ ಅಲಾರಂ ಇಲ್ಲದಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಅದನ್ನು ತನ್ನಿ. ಯಾರಾದರೂ ಬಿರುಕು ಅಂದರೆ ಫೋಟೋ ತೋರಿಸಿ, ಅಳತೆ ಎಷ್ಟು ಬಂತು ಬರೆದುಕೊಡಿ ಅಂತ ಕೇಳಿ. ಇನ್ನೊಬ್ಬರು ನೋಡುವ ತನಕ ನೀವಾಗಿ ಮತ್ತೆ ಹೊತ್ತಿಸಬೇಡಿ. ಉರಿಸುವ ಗ್ಯಾಸಿನ ವಾಸನೆ ಬಂದರೆ ಮನೆಯಿಂದ ಹೊರಗೆ ಹೋಗಿ ಗ್ಯಾಸ್ ಕಂಪನಿಗೆ ಫೋನ್ ಮಾಡಿ, ಸೋರಿಕೆ ನೋಡಲು ಅವರು ದುಡ್ಡು ತಗೊಳ್ಳುವುದಿಲ್ಲ.

ಫೋನ್ ಮಾಡುವ ಮೊದಲು ನಾವೇ ನೋಡಬಹುದಾದವು ಕೆಲವು ಇವೆ. ಬೇಸ್‌ಮೆಂಟ್ ಮೆಟ್ಟಿಲ ಹತ್ತಿರವೋ ಫರ್ನೇಸ್ ಪಕ್ಕದಲ್ಲೋ ಲೈಟಿನ ಸ್ವಿಚ್ ತರಹದ್ದೇ ಒಂದು ಸ್ವಿಚ್ ಇರುತ್ತದೆ. ಊರಿಂದ ಬಂದ ಹಿರಿಯರು ಲೈಟ್ ಅಂದುಕೊಂಡು ಆರಿಸಿದ್ದು ನಮ್ಮ ಗುಂಪಿನಲ್ಲೇ ಎರಡು ಮನೆಯಲ್ಲಿ ಆಗಿದೆ. ಅದರ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿಬಿಡಿ. ಥರ್ಮೋಸ್ಟಾಟ್ ಬ್ಯಾಟರಿ ನೋಡಿ. ಫರ್ನೇಸ್ ಬಾಗಿಲು ಸರಿಯಾಗಿ ಕೂತಿಲ್ಲದಿದ್ದರೆ ಒಳಗಿನ ಸ್ವಿಚ್ ಒತ್ತುವುದಿಲ್ಲ, ಏನೂ ಓಡುವುದಿಲ್ಲ. ಬಿಳಿ ಪ್ಲಾಸ್ಟಿಕ್ ಪೈಪ್ ಗೋಡೆಯಿಂದ ಹೊರಗೆ ಬರುವ ಮನೆಯಾದರೆ ಹಿಮ ಸುರಿದ ಮೇಲೆ ಆ ಪೈಪಿನ ಬಾಯಿ ಮುಚ್ಚಿದೆಯಾ ನೋಡಿ, ಸಲಿಕೆಯಲ್ಲಿ ತೆಗೆದರೆ ಮುಗಿಯಿತು. ಫಿಲ್ಟರ್‌ನ ವಿಷಯವಂತೂ ಹೇಳಲೇಬೇಕು. ನಾನು ಅವತ್ತು ತೆಗೆದ ಫಿಲ್ಟರ್ ಐದು ತಿಂಗಳ ಹಳೆಯದು, ಬೂದು ಕಂಬಳಿ ಹಾಗಿತ್ತು. ಗಾಳಿ ಹರಿಯದಿದ್ದರೆ ಎಕ್ಸ್‌ಚೇಂಜರ್ ಅತಿಯಾಗಿ ಕಾದು ಬೇಗ ಬಿರುಕು ಬಿಡುತ್ತದೆ. ಒಂದಿಂಚಿನ ಫಿಲ್ಟರ್ ಆದರೆ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡುತ್ತೇನೆ ಈಗ.

2025ರ ಡಿಸೆಂಬರ್‌ನಲ್ಲಿ ಇಂಡ್ಯೂಸರ್ ಮೋಟರ್ ಗೊರಗೊರ ಅನ್ನಲು ಶುರುಮಾಡಿತು. ಅದೇ ರಿಪೇರಿಯವರನ್ನು ಕರೆದೆ. 640 ಡಾಲರ್. ಫರ್ನೇಸ್‌ಗೆ 19 ವರ್ಷ ಆಗಿತ್ತು. ವಯಸ್ಸನ್ನು ರಿಪೇರಿ ಖರ್ಚಿನಿಂದ ಗುಣಿಸಿ 5,000 ದಾಟಿದರೆ ಹೊಸದು ತಗೊಳ್ಳಿ ಅಂತ ಇಲ್ಲಿ ಒಂದು ಲೆಕ್ಕ ಹೇಳುತ್ತಾರೆ. ಆ ಲೆಕ್ಕದಲ್ಲಿ ನಮ್ಮದು 12,000 ದಾಟಿತು. ಅವರು ಆ ಲೆಕ್ಕ ಹೇಳಲಿಲ್ಲ, ನಮ್ಮ ಮನೆಯ ಸ್ಥಿತಿ ವಿವರಿಸಿದರು. ನಮ್ಮದು 80 ಪರ್ಸೆಂಟ್ ದಕ್ಷತೆಯದು, ನೀರು ಕಾಯಿಸುವ ಟ್ಯಾಂಕೂ ಇದೂ ಒಂದೇ ಚಿಮಣಿಗೆ ಸೇರಿವೆ. 96 ಪರ್ಸೆಂಟಿನದು ಹಾಕಿದರೆ ಅದಕ್ಕೆ ಬೇರೆ ಪ್ಲಾಸ್ಟಿಕ್ ಪೈಪ್ ಬೇಕು, ಅದರ ಹೊಗೆ ತಣ್ಣಗಾಗಿ ಇಳಿಯುವ ನೀರು ಹರಿದುಹೋಗಲು ದಾರಿ ಬೇಕು. ಇಷ್ಟು ದೊಡ್ಡ ಚಿಮಣಿ ಬರೀ ನೀರಿನ ಟ್ಯಾಂಕಿಗೆ ಉಳಿಯುತ್ತದೆ, ಆಗ ಹೊಗೆ ಸರಿಯಾಗಿ ಮೇಲೆ ಏರುವುದಿಲ್ಲ. ಚಿಮಣಿಯೊಳಗೆ ಸಣ್ಣ ಕೊಳವೆ ಇಳಿಸಬೇಕು, ಅದಕ್ಕೇ ಸಾವಿರದ ಹತ್ತಿರ. ಆ ರಾತ್ರಿಯ 8,400ರ ಕೊಟೇಷನ್ ಮತ್ತೆ ತೆಗೆದು ನೋಡಿದೆ. ಅದರಲ್ಲಿ ಇದರ ಮಾತೇ ಇರಲಿಲ್ಲ. ಮನೆಗೆ ಎಷ್ಟು ಶಾಖ ಬೇಕು ಅಂತ ಅಳೆದಿರಲೂ ಇಲ್ಲ, ಹಳೆಯದರ ಸೈಜನ್ನೇ ಬರೆದಿದ್ದರು.

ಮೋಟರ್ ಹಾಕಿಸಿದೆ. ನೀರಿನ ಟ್ಯಾಂಕ್ ಬದಲಿಸುವ ಕಾಲ ಬಂದಾಗ ಎರಡನ್ನೂ ಒಟ್ಟಿಗೆ ಮಾಡಿದರೆ ಚಿಮಣಿ ಖರ್ಚು ಉಳಿಯುತ್ತದೆ ಅಂದರು, ಅದಕ್ಕೇ ದುಡ್ಡು ಕೂಡಿಡುತ್ತಿದ್ದೇವೆ. ಹೊಸದು ಹಾಕುವಾಗ ಊರಿನ ಕಚೇರಿಯಿಂದ ಪರ್ಮಿಟ್ ತೆಗೆಸಲೇಬೇಕು, ಇನ್‌ಸ್ಪೆಕ್ಟರ್ ಬಂದು ನೋಡಲಿ. ಪರ್ಮಿಟ್ ಬೇಡ, ಕಡಿಮೆಗೆ ಮಾಡಿಕೊಡುತ್ತೇನೆ ಅನ್ನುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಮಿಷಿಗನ್‌ನಲ್ಲಾದರೆ ಲೈಸೆನ್ಸ್ ಇದೆಯಾ ಅಂತ ಲೈಸೆನ್ಸ್ ಕೊಡುವ ರಾಜ್ಯದ ಲಾರಾ (LARA) ಇಲಾಖೆಯ ವೆಬ್‌ಸೈಟ್‌ನಲ್ಲಿ ಎರಡೇ ನಿಮಿಷದಲ್ಲಿ ನೋಡಬಹುದು.

ಇವರ ಸೇವೆಯಲ್ಲಿ ಕೊರತೆಯೂ ಇದೆ, ಹೇಳಿಬಿಡುತ್ತೇನೆ. ಒಬ್ಬರೇ ಆದ್ದರಿಂದ ಜೋರು ಚಳಿಯಲ್ಲಿ ಫೋನ್ ಸಿಗುವುದು ಕಷ್ಟ. ಕಾರ್ಡ್ ತಗೊಳ್ಳುವುದಿಲ್ಲ, ಚೆಕ್ ಬೇಕು. ರಾತ್ರಿ ಏಳರ ಮೇಲೆ ಬರುವುದಿಲ್ಲ. ಡಿಸೆಂಬರ್‌ನಲ್ಲಿ ಮೋಟರ್ ಬರಲು ಎರಡು ದಿನ ಕಾಯಬೇಕಾಯಿತು. ವಯಸ್ಸಾದವರು, ಹಸುಗೂಸು ಇರುವ ಮನೆಯವರು ದೊಡ್ಡ ಕಂಪನಿಯೊಂದರ ನಂಬರನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ರಿಪೇರಿಯವರ ಹೆಸರು ಇಲ್ಲಿ ಹಾಕುವುದಿಲ್ಲ, ಒಬ್ಬರ ಕೈಲಿ ಎಷ್ಟು ಮನೆ ಆಗುತ್ತದೆ ಹೇಳಿ. ನೋವೈ, ಕ್ಯಾಂಟನ್ ಕಡೆಯ ನಮ್ಮವರು ಕೇಳಿದರೆ ಕೊಡುತ್ತೇನೆ. ಕರೆಯುವುದಾದರೆ ಸೆಪ್ಟೆಂಬರ್ ಕೊನೆಯಲ್ಲೇ ಕರೆಯಿರಿ, ಆಗ ಅವರಿಗೂ ಬಿಡುವು.

ಅತ್ತೆ ಈಗ ಹಾಸನದಲ್ಲಿದ್ದಾರೆ. ಪ್ರತಿ ವರ್ಷ ದಸರಾ ಹೊತ್ತಿಗೆ ಫೋನ್ ಮಾಡಿದಾಗ ಹಬ್ಬದ ಅಡುಗೆ ಕೇಳಿ ಆದ ಮೇಲೆ, "ಆ ಕಡ್ಡಿ ಉಜ್ಜಿಸಿದ್ಯೇನೇ?" ಅಂತ ಕೇಳುತ್ತಾರೆ.